ಎದೆಗೂಡಿನ ಪಾರಿವಾಳ

ಹೊಸ ಔಷಧಿಯ ಪ್ರಯೋಗಕ್ಕೆ ಒಪ್ಪಿಕೊಂಡ ರೋಗಿಗಳ ಮಾತು ಬೇರೆ ಬೇರೆ ಊರಿನ ಆಸ್ಪತ್ರೆಗಳಿಂದ ಆನ್‌ಲೈನಿನಲ್ಲಿ ಅವಳ ಕಂಪ್ಯೂಟರಿಗೆ ಬರುತ್ತಿತ್ತು. ಹೆಸರಿಲ್ಲ, ವಿಳಾಸವಿಲ್ಲ. ಒಂದು ಸಂಖ್ಯೆ, ಹುಟ್ಟಿದ ವರ್ಷ, ನರ್ಸು ಕೇಳಿ ಬರೆದುಕೊಂಡ ತೊಂದರೆ, ಅಷ್ಟೇ. ಆ ತೊಂದರೆಗೆ ವೈದ್ಯರ ಪದಕೋಶದಿಂದ ತಕ್ಕ ಹೆಸರು ಹಚ್ಚುವುದು ಅವಳ ಕೆಲಸ. 'ತಲೆ ಗಿರ್ರನೆ ತಿರುಗುತ್ತೆ' ಅಂದರೆ ತಲೆಸುತ್ತು, 'ಹೊಟ್ಟೆ ಕಿವುಚುತ್ತೆ' ಅಂದರೆ ಹೊಟ್ಟೆನೋವು. ಕಣ್ಣು ಮುಚ್ಚಿಕೊಂಡು ಮಾಡಬಲ್ಲಳು.

ಆ ಮಧ್ಯಾಹ್ನ ಮಾತ್ರ ಕೈ ನಿಂತಿತು. ರೋಗಿ ಹೇಳಿದ್ದನ್ನು ನರ್ಸು ಇದ್ದಹಾಗೇ ಬರೆದಿದ್ದಳು: 'ಎದೆಗೂಡಿನಲ್ಲಿ ಪಾರಿವಾಳ ಮಗ್ಗುಲಾಗುತ್ತೆ.'

ಆ ಮಾತು ಅವಳು ಕೇಳಿದ್ದು ಒಂದೇ ಮನೆಯಲ್ಲಿ. ಎದೆ ಡವಡವ ಅಂದಾಗೆಲ್ಲ ಅಮ್ಮ ಹಾಗೆನ್ನುತ್ತಿದ್ದಳು. ಅಕ್ಕ ಓಡಿಬಂದು ಬೆನ್ನು ನೀವುತ್ತಿದ್ದಳು. ಚಿಕ್ಕವಳಾದ ಇವಳು ಅಮ್ಮನ ಎದೆಗೆ ಕಿವಿಯಿಟ್ಟು 'ಮರಿ ಮಾಡಿತಾ?' ಎಂದು ಕೇಳಿ ಇಬ್ಬರನ್ನೂ ನಗಿಸುತ್ತಿದ್ದಳು. ಅಮ್ಮ ಈಗಿಲ್ಲ. ಅಪ್ಪನ ಜೊತೆ ಮಾತಿಗೆ ಮಾತು ಬೆಳೆದು ಹೊರಟ ಅಕ್ಕ ಮತ್ತೆ ಹೊಸ್ತಿಲು ತುಳಿಯಲಿಲ್ಲ. ಎಲ್ಲಿದ್ದಾಳೋ, ಯಾರಿಗೂ ಗೊತ್ತಿಲ್ಲ.

ಹುಟ್ಟಿದ ವರ್ಷ ನೋಡಿದಳು. ಅಕ್ಕನದೇ.

ಪಕ್ಕದ ಮೇಜಿನವನು ಇಣುಕಿದ. ವಯಸ್ಸು ಚಿಕ್ಕದಾದರೂ ಎಲ್ಲರಿಗೂ ಬುದ್ಧಿ ಹೇಳುವುದರಿಂದ ಆಫೀಸಿಗೆಲ್ಲ ಅವನು ದೊಡ್ಡಪ್ಪ.

"ಏನಮ್ಮಾ, ಪಾರಿವಾಳಕ್ಕೆ ಹೆಸರಿಟ್ಟಾಯ್ತಾ?"

"ಅವರನ್ನ ಒಂದು ಮಾತು ಕೇಳ್ಬೇಕು."

"ಕೇಳು. ಕಾಯಿಲೆ ಕೇಳು, ಕ್ಷೇಮಸಮಾಚಾರ ಬೇಡ."

ತಮಾಷೆಗೆ ಅಂದಿದ್ದ. ಅವಳಿಗೆ ನಾಟಿತು. ರೋಗಿಯ ಗುರುತು ಸಿಕ್ಕರೆ ಮೇಲಿನವರಿಗೆ ಹೇಳಬೇಕೆಂಬುದು ನಿಯಮ. ಹೇಳಿದರೆ ಆ ದಾಖಲೆ ಬೇರೆಯವರ ಪಾಲಾಗುತ್ತದೆ. ಅಕ್ಕನ ಕಡೆಗೆ ತೆರೆದ ಒಂದೇ ಕಿಂಡಿಯೂ ಮುಚ್ಚುತ್ತದೆ.

ನರ್ಸಿಗೆ ಪ್ರಶ್ನೆ ಕಳಿಸುವ ಚೌಕದಲ್ಲಿ 'ಮರಿ ಮಾಡಿತಾ?' ಎಂದು ಬರೆದಳು. ಓದಿಕೊಂಡಳು. ಒಂದೊಂದೇ ಅಕ್ಷರ ಅಳಿಸಿದಳು. ಯಾರು ನೋಡಿದರೂ ತಪ್ಪು ಹುಡುಕಲಾಗದಂತೆ ಮತ್ತೆ ಬರೆದಳು: 'ಬೆನ್ನು ನೀವಿದರೆ ಕಡಿಮೆಯಾಗುತ್ತದೆಯೇ?'

ನರ್ಸು ರೋಗಿಯನ್ನು ಫೋನಿನಲ್ಲಿ ಕೇಳಿ ಮರುದಿನ ಉತ್ತರ ಬರೆದಳು:

'ಮೊದಲು ಆಗುತ್ತಿತ್ತಂತೆ. ಈಗ ನೀವುವವರು ಯಾರೂ ಇಲ್ಲವಂತೆ.'

ಅವಳು ತನ್ನ ಅಂಗೈಯನ್ನೇ ನೋಡಿಕೊಂಡಳು. ಆಮೇಲೆ ಪದಕೋಶದಲ್ಲಿ 'ತೀವ್ರ ಎದೆಬಡಿತ' ಆರಿಸಿ, ಪ್ರಶ್ನೆ ಮುಗಿಯಿತೆಂದು ಗುರುತು ಹಾಕಿದಳು.

ರೋಗಿಗಳು ಆಸ್ಪತ್ರೆಗೆ ಮತ್ತೆ ಬರುವುದು ಮುಂದಿನ ತಿಂಗಳು. ಅಕ್ಕನಿಗೆ ನೋವಾದರೆ ಮಾತ್ರ ಅಕ್ಕನ ಮಾತು ಬರುತ್ತದೆ. ಬರಲಿ ಎಂದು ಯಾವ ಬಾಯಲ್ಲಿ ಬೇಡಿಕೊಳ್ಳುವುದು? ಬಾರದಿರಲಿ ಎನ್ನಲು ಮನಸ್ಸೆಲ್ಲಿಂದ ತರುವುದು? ದಿನವೂ ದೇವರ ಮುಂದೆ ಕೈಮುಗಿದು ಕೂತು, ಏನನ್ನೂ ಕೇಳದೆ ಎದ್ದುಬರುತ್ತಿದ್ದಳು.

ಆ ದಿನ ಬಂತು. ಅಕ್ಕನ ಸಂಖ್ಯೆಯ ಎದುರು ನರ್ಸು ಬರೆದಿದ್ದಳು: 'ಯಾವ ತೊಂದರೆಯೂ ಇಲ್ಲ.'

ಅದಕ್ಕೆ ಹಚ್ಚಬೇಕಾದ ಹೆಸರಿರಲಿಲ್ಲ. ಕೇಳಬಹುದಾದ ಪ್ರಶ್ನೆಯೂ ಇರಲಿಲ್ಲ.

"ಏನಂತೆ ನಿನ್ನ ಪಾರಿವಾಳ?" ದೊಡ್ಡಪ್ಪ ಕೇಳಿದ.

"ಸುಮ್ನೆ ಕೂತಿದೆಯಂತೆ."

ಮುಂದಿನ ರೋಗಿಯ ಪುಟ ತೆರೆಯಬೇಕಿತ್ತು. ಅವಳು ಇದನ್ನೇ ನೋಡುತ್ತ ಕೂತಳು.