ಅಣ್ಣಾರಾಯರ ಚೆಂಡು ನೇರವಾಗಿ ಹೋದದ್ದು

ನವಿ ಪೇಠದ ಬಟ್ಟೆ ವ್ಯಾಪಾರಿ ಅಣ್ಣಾರಾಯರು ಗಾಲ್ಫ್ ಹಿಡಿದದ್ದು ಆಟದ ಮೇಲಿನ ಪ್ರೀತಿಯಿಂದಲ್ಲ, ಎದುರಂಗಡಿಯ ಸಿದ್ದರಾಮಪ್ಪನ ಮೇಲಿನ ಹೊಟ್ಟೆಕಿಚ್ಚಿನಿಂದ. ಎಪ್ಪತ್ತನಾಲ್ಕರ ದೀಪಾವಳಿ ಮುಗಿದದ್ದೇ ತಡ, ಸಿದ್ದರಾಮಪ್ಪ ರವಿವಾರ ಮುಂಜಾನೆ ಬಿಳಿ ಪ್ಯಾಂಟು ತೊಟ್ಟು, ಕೋಲುಗಳ ಚೀಲ ಹೆಗಲಿಗೇರಿಸಿ ಹೊರಡತೊಡಗಿದ. "ಮ್ಯಾನೇಜರ್ ಸಾಹೇಬ್ರ ಕೂಡ ಆಟ ಐತಿ" ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಊರಿನ ದೊಡ್ಡ ಬಟ್ಟೆ ಗಿರಣಿಯೊಂದರ ಮ್ಯಾನೇಜರ್ ಜೋಗಳೇಕರ ಸಾಹೇಬರು ಕೆಲಸದ ಮೇಲೆ ಕೆಲಕಾಲ ವಿಲಾಯತಿಯಲ್ಲಿದ್ದು, ಬರುವಾಗ ಎರಡು ವಿದ್ಯೆ ತಂದಿದ್ದರು. ಒಂದು, ಸಕ್ಕರೆಯಿಲ್ಲದ ಚಹಾ ಕುಡಿಯುವುದು. ಇನ್ನೊಂದು ಈ ಆಟ. ಅಕ್ಕಲಕೋಟ ರಸ್ತೆಯ ಮಗ್ಗುಲಲ್ಲಿ ಗಿರಣಿಯ ಬರಡು ಮಾಳವಿತ್ತು. ಅದರ ಜಾಲಿ ಕಡಿಸಿ, ಕುಳಿ ತೋಡಿಸಿ, ಬಾವುಟ ನೆಡಿಸಿದರು. ಹುಲ್ಲು ಮಾತ್ರ ಸಾಹೇಬರ ಮಾತಿಗೂ ಬಗ್ಗಲಿಲ್ಲ. ಹಾಗಾಗಿ ಕುಳಿಗಳ ಸುತ್ತ ಉಸುಕು ಹಾಸಿ, ಯಂತ್ರದ ಹಳೆಯ ಎಣ್ಣೆ ಸುರಿದು, ಅದನ್ನೇ ಹುಲ್ಲು ಎಂದು ತಿಳಿಯಬೇಕೆಂದು ಅಪ್ಪಣೆಯಾಯಿತು. ಸದಸ್ಯರು ಹಾಗೆಯೇ ತಿಳಿದರು. ಅಕ್ಕಲಕೋಟ ತಾಲೂಕಿಗೆಲ್ಲ ಗಿರಣಿಯ ಚಾದರಿನ ಏಜನ್ಸಿ ಆ ವರ್ಷ ಯಾರಿಗಾದರೂ ಸಿಗುವುದಿತ್ತು. ಅದರ ತೀರ್ಮಾನ ಕಚೇರಿಯಲ್ಲಲ್ಲ, ಈ ಮಾಳದಲ್ಲಿ ಎಂಬುದು ಪೇಠಕ್ಕೆಲ್ಲ ಗೊತ್ತಿತ್ತು.

ಅಣ್ಣಾರಾಯರೂ ಸದಸ್ಯರಾದರು. ಬಿಳಿ ಪ್ಯಾಂಟು ಹೊಲಿಸಿದರು, ಟೊಪ್ಪಿಗೆ ಕೊಂಡರು. ಎಲ್ಲ ಸರಿಯಾಗಿತ್ತು, ಚೆಂಡೊಂದೇ ಮಾತು ಕೇಳುತ್ತಿರಲಿಲ್ಲ. ಬಾವುಟ ಎಲ್ಲೇ ಇರಲಿ, ಅವರು ಹೊಡೆದ ಚೆಂಡು ಬಲಕ್ಕೆ ಹಾರಿ ಹುಲೆಪ್ಪನ ಜೋಳದ ಹೊಲಕ್ಕೆ ಬೀಳುತ್ತಿತ್ತು. ಮಾಳಕ್ಕೆ ಅಂಟಿಕೊಂಡಿದ್ದ ಆ ಹೊಲದ ಬದುವಿನ ಮೇಲೆ ಕೂತು ಹುಲೆಪ್ಪ ಆಟ ನೋಡುತ್ತಿದ್ದ.

"ಅಣ್ಣಾರಾಯರ, ಜ್ವಾಳ ಬೇಕಿದ್ರ ಹೇಳ್ರಿ, ಮನಿಗೇ ತಂದ ಹಾಕ್ತೀನಿ. ಹಿಂಗ ಹೊಡದ ಹೊಡದ ಯಾಕ ಉದರಸ್ತೀರಿ?" ಎಂದು ಒಂದು ದಿನ ಕೇಳಿಯೇಬಿಟ್ಟ.

ಸದಸ್ಯರೆಲ್ಲ ಉಪದೇಶಕ್ಕೆ ಇಳಿದರು. ಮೊಣಕಾಲು ಬಗ್ಗಿಸಬೇಕು ಎಂದನೊಬ್ಬ, ಬಗ್ಗಿಸಿದ್ದೇ ತಪ್ಪು ಎಂದ ಇನ್ನೊಬ್ಬ. ಅಣ್ಣಾರಾಯರು ಎಲ್ಲರ ಮಾತನ್ನೂ ಪಾಲಿಸಿದರು. ಚೆಂಡು ಯಾರ ಮಾತನ್ನೂ ಪಾಲಿಸಲಿಲ್ಲ. ಜೋಗಳೇಕರ ಸಾಹೇಬರಿಗೆ ಮಾತ್ರ ಪರಮಾನಂದ. "ವ್ಹಾ ಅಣ್ಣಾರಾವ, ತಾಕತ್ತ ಏನ್ ತಾಕತ್ತ!" ಎಂದು ಬೆನ್ನು ತಟ್ಟಿ, ಪ್ರತಿ ರವಿವಾರ ಅವರನ್ನೇ ಜೋಡಿಗೆ ಕರೆಯುತ್ತಿದ್ದರು. ಏಜನ್ಸಿ ತಾನಾಗಿ ಮನೆಗೆ ನಡೆದು ಬರುತ್ತಿತ್ತು. ಬುದ್ಧಿವಂತನಾಗಿದ್ದರೆ ಜೀವಮಾನವಿಡೀ ಜೋಳಕ್ಕೇ ಹೊಡೆಯುತ್ತಿದ್ದ. ಆದರೆ ಜೋಳದಿಂದ ಚೆಂಡು ಹೆಕ್ಕಿಕೊಂಡು ಬರುವಾಗ ಸಿದ್ದರಾಮಪ್ಪ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ಅಣ್ಣಾರಾಯರಿಗೆ ಸಹಿಸಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೈಂದರ್ಗಿಯ ಗಂಗುಬಾಯಿ ಅಂಗಡಿಗೆ ಬಂದು ಕುಬಸದ ಬಟ್ಟೆ ಕೇಳಿದಳು. ಅಣ್ಣಾರಾಯರು ಅಳೆದು, ಕತ್ತರಿ ಹಾಕಿ, ಅರ್ಧಕ್ಕೇ ನಿಂತುಬಿಟ್ಟರು. ಹುಡುಗತನದಿಂದ ಬಟ್ಟೆ ಕತ್ತರಿಸಿದ ಕೈ ಅದು, ಒಂದು ದಿನವೂ ಸೊಟ್ಟ ಹೋದದ್ದಿಲ್ಲ. ಯಾಕೆ? ಅವರ ಕಣ್ಣು ಬಟ್ಟೆಯ ಆಚೆ ಅಂಚಿನ ಮೇಲೆ ಇರುತ್ತಲೇ ಇರಲಿಲ್ಲ. ಕತ್ತರಿಯ ತುದಿಯ ಮುಂದಿನ ಎಳೆಯ ಮೇಲಿರುತ್ತಿತ್ತು. ಮಾಳದಲ್ಲಾದರೋ ಅವರು ಬಾವುಟವನ್ನು ನುಂಗುವವರಂತೆ ದಿಟ್ಟಿಸುತ್ತಿದ್ದರು. ಕಾಲು ಎಲ್ಲಿದೆ, ಕೋಲಿನ ಮುಖ ಎತ್ತ ಇದೆ ಎಂದು ಕೆಳಗೆ ನೋಡಿದವರೇ ಅಲ್ಲ.

"ಅಣ್ಣಾರಿ, ಬಟ್ಟಿ ಕೊಡ್ತೀರೋ, ಇಲ್ಲಾ ಅದರ ಮುಂದ ಧ್ಯಾನಕ್ಕ ಕುಂದರ್ತೀರೋ?" ಎಂದಳು ಗಂಗುಬಾಯಿ.

ಅಂದು ಸಂಜೆ ಅಂಗಡಿಯ ಅಳತೆಕೋಲು ಮನೆಯ ಮಾಳಿಗೆ ಏರಿತು. ಅಣ್ಣಾರಾಯರು ಮೂಲೆಯ ನೀರಿನ ಟಾಕಿಯನ್ನೇ ಬಾವುಟವೆಂದು ಗೊತ್ತು ಮಾಡಿ, ಎಂದಿನಂತೆ ಕೋಲು ಹಿಡಿದು ನಿಂತರು. ಕಾಲ್ಬೆರಳುಗಳಿಗೆ ತಾಗಿಸಿ ಅಳತೆಕೋಲು ಇಡಲು ಹೆಂಡತಿಗೆ ಹೇಳಿದರು. ಸುಗಲಾಬಾಯಿ ಇಟ್ಟಳು, ಹಿಂದೆ ಸರಿದು ನೋಡಿದಳು.

"ಕಣ್ಣ ಟಾಕಿ ಕಡೆ ಅದಾವ, ಖರೆ. ಕಾಲ ಮಾತ್ರ ಮಗ್ಗಲ ಮನಿ ಕಸ್ತೂರಬಾಯಿ ಮಾಳಿಗಿ ಮ್ಯಾಲ ಒಣ ಹಾಕಿದ ಸೀರಿ ಕಡೆ ಹೊಂಟಾವ. ಆಕಿ ನೋಡಿದ್ರ ಏನ್ ತಿಳ್ಕೋಬೇಕ್ರಿ?"

ಅಣ್ಣಾರಾಯರು ತಗ್ಗಿ ನೋಡಿದರು. ಅಳತೆಕೋಲು ಸೀರೆಯತ್ತಲೇ ಇತ್ತು. ಇಷ್ಟು ದಿನ ಅವರು ಬಾವುಟ ನೋಡುತ್ತ, ಹುಲೆಪ್ಪನ ಹೊಲಕ್ಕೆ ಗುರಿಯಿಟ್ಟು, ಗುರಿಯಿಟ್ಟಲ್ಲಿಗೇ ಸರಿಯಾಗಿ ಹೊಡೆಯುತ್ತಿದ್ದರು.

ಅಂದಿನಿಂದ ಅವರು ಹೊಡೆಯುವ ಮುನ್ನದ ಒಂದು ಕ್ರಮ ಕಟ್ಟತೊಡಗಿದರು. ಮೊದಮೊದಲು ಅದು ಭಾರಿ ಉದ್ದವಾಯಿತು: ಉಸಿರು ಎಳೆಯುವುದು, ಟೊಪ್ಪಿಗೆ ಸರಿಪಡಿಸುವುದು, ಗಾಳಿಗೆ ಬೆರಳೊಡ್ಡುವುದು, ಮಣ್ಣು ಮುಟ್ಟಿ ಹಣೆಗೊತ್ತುವುದು.

"ಲಿಂಗಪೂಜಿಗೂ ಇಷ್ಟ ಹೊತ್ತ ಹಿಡಿಯಂಗಿಲ್ಲ ನಿಮಗ," ಎಂದಳು ಸುಗಲಾಬಾಯಿ. "ನಾ ಕೆಳಗ ಹೋಗಿ ಭಕ್ಕರಿ ಬಡಿದ ಬರ್ಲೇನು?"

ಪೂಜೆ ಉದುರಿ, ಬೇಕಾದದ್ದಷ್ಟೇ ಉಳಿಯಿತು. ಚೆಂಡಿನ ಹಿಂದೆ ನಿಂತು ಬಾವುಟ ನೋಡುವುದು. ಅದೇ ಗೆರೆಯ ಮೇಲೆ, ಚೆಂಡಿನ ಸಮೀಪವೇ, ಒಂದು ಹರಳನ್ನೋ ಒಣಕಡ್ಡಿಯನ್ನೋ ಗುರುತು ಹಿಡಿಯುವುದು. ಕೋಲಿನ ಮುಖವನ್ನು ಮೊದಲು ಆ ಹರಳಿಗೆ ಇಡುವುದು, ಕಾಲನ್ನು ಆಮೇಲೆ ಗೆರೆಗೆ ಸಮನಾಗಿ ಇಡುವುದು. ಒಮ್ಮೆ ತಲೆಯೆತ್ತಿ ನೋಡಿ, ಹೊಡೆಯುವುದು. ಸುಗಲಾಬಾಯಿಯ ತವರಾದ ಚಪಳಗಾಂವದ ಪಾಳುಭೂಮಿಯಲ್ಲಿ ಗುಟ್ಟಾಗಿ ಅಭ್ಯಾಸ ನಡೆಯಿತು. ಚೆಂಡು ಬಲಕ್ಕೆ ಹೋಗುವುದನ್ನೇ ಮರೆಯಿತು.

ಅಷ್ಟರಲ್ಲಿ ಗಿರಣಿಯ ವಾರ್ಷಿಕ ಕಪ್ಪಿನ ಆಟ ಬಂತು. ಅದನ್ನು ಸಾಹೇಬರೇ ಗೆಲ್ಲುವುದು ಪದ್ಧತಿ. ಸದಸ್ಯರೆಲ್ಲ ಅದಕ್ಕಾಗಿ ಬಹಳ ಶ್ರಮಪಡುತ್ತಿದ್ದರು. ಸಿದ್ದರಾಮಪ್ಪನಂತೂ ಕುಳಿಯ ಅಂಚಿಗೆ ಕೂದಲೆಳೆಯಷ್ಟು ದೂರದಲ್ಲಿ ತಪ್ಪಿಸುತ್ತಿದ್ದ. ಅಂಥ ಕೈಚಳಕ ಅಲ್ಲಿ ಇನ್ನೊಬ್ಬರಿಗಿರಲಿಲ್ಲ. ಅಣ್ಣಾರಾಯರೂ ಅಂದು ಸೋಲುವ ನಿರ್ಧಾರ ಮಾಡಿಯೇ ಹೊರಟಿದ್ದರು. "ಇವತ್ತ ಜ್ವಾಳಕ್ಕ ಹೊಡದ ಬರ್ತೀನಿ, ಏಜನ್ಸಿ ನಮ್ಮದ" ಎಂದು ಹೆಂಡತಿಗೆ ಹೇಳಿದ್ದರು.

ಸೋಲನ್ನು ಕೊನೆಯ ಕುಳಿಗೆಂದು ಉಳಿಸಿಕೊಂಡಿದ್ದರು; ಅಲ್ಲಿಗೆ ಬಂದಾಗ ಸಾಹೇಬರೂ ಅವರೂ ಸಮಸಮ. ಸಾಹೇಬರ ಚೆಂಡು ಕಲ್ಲುಗಳ ತಗ್ಗಿಗೆ ಬಿದ್ದಿತ್ತು. ಸಿದ್ದರಾಮಪ್ಪ ಹುಡುಕಲು ಓಡಿ, "ಸಾಹೇಬ್ರ, ಇಲ್ಲೇ ಚೊಲೋ ಜಾಗಾದಾಗ ಕುಂತೈತ್ರಿ!" ಎಂದು ಕೂಗಿದ. ಅದು ಅಲ್ಲಿಗೆ ಹೇಗೆ ಬಂತೆಂದು ಅವನ ಬೂಟಿನ ತುದಿಗೆ ಗೊತ್ತಿತ್ತು.

ಅಣ್ಣಾರಾಯರು ತಮ್ಮ ಚೆಂಡಿನ ಹಿಂದೆ ನಿಂತು ಹೊಲದ ಕಡೆ ತಿರುಗಿದರು. ಹುಲೆಪ್ಪ ರೂಢಿಯಂತೆ ಬದುವಿನಿಂದ ಎದ್ದು ಪಕ್ಕಕ್ಕೆ ಸರಿದ. ಆದರೆ ಈಗ ಗೆರೆ ಹಿಡಿಯದೆ ಹೊಡೆಯಲು ಕೈ ಒಪ್ಪುತ್ತಿರಲಿಲ್ಲ. ಜೋಳದ ಗೆರೆಯ ಮೇಲೆ ಒಂದು ಹರಳು ಹುಡುಕಿದರು, ಸಿಕ್ಕಿತು, ಕೋಲನ್ನೂ ಇಟ್ಟರು. ಗಿರಾಕಿಯ ಕಣ್ಣೆದುರೇ ಬೇಕೆಂದು ಬಟ್ಟೆಯನ್ನು ಸೊಟ್ಟ ಕತ್ತರಿಸಿದಂತೆ ಅನಿಸಿತು. ಹಿಂದೆ ಸರಿದರು. ಬಾವುಟ ನೋಡಿದರು. ಹೊಸ ಹರಳು, ಕೋಲು, ಕಾಲು, ಒಂದು ನೋಟ.

ಚೆಂಡು ಟಪ್ಪೆಂದು ಎದ್ದು, ದಾರ ಕಟ್ಟಿ ಎಳೆದಂತೆ ನೇರ ಹೋಗಿ, ಬಾವುಟದ ಬುಡದಲ್ಲಿ ಎಣ್ಣೆ ಉಸುಕಿಗೆ ಬಿತ್ತು. ಬದುವಿನ ಮೇಲೆ ಹುಲೆಪ್ಪನೊಬ್ಬ ಚಪ್ಪಾಳೆ ತಟ್ಟಿದ. ಸಾಹೇಬರು "ವ್ಹಾ" ಎಂದರು; ಈ ಸಲ ಬೆನ್ನು ತಟ್ಟಲಿಲ್ಲ.

ಆ ವಾರವೇ ಏಜನ್ಸಿ ಸಿದ್ದರಾಮಪ್ಪನಿಗೆ ಹೋಯಿತು.

"ಚಾದರ ಹೋತು, ಕಪ್ಪ ಬಂತು," ಎಂದಳು ಸುಗಲಾಬಾಯಿ, ಅದನ್ನು ತಿರುವಿ ನೋಡುತ್ತ. "ಎರಡೆರಡ ಹಿಡಿಕಿ ಅದಾವ, ಚಾ ಕುಡ್ಯಾಕೂ ಬರಂಗಿಲ್ಲ." ಆದರೂ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ಇಟ್ಟಳು. ಅಣ್ಣಾರಾಯರು ಒಂದಿಷ್ಟು ದಿನ ಎದುರಂಗಡಿಯತ್ತ ನೋಡಲಿಲ್ಲ. ಬಟ್ಟೆ ಅಳೆಯುತ್ತಿರುವಾಗ ಆ ಟಪ್ಪೆಂಬ ಸದ್ದು ನೆನಪಾಗಿ ನಗು ಬರುತ್ತಿತ್ತು. ಗಿರಾಕಿಗಳು ಅಳತೆಯಲ್ಲಿ ಮೋಸವಿದೆಯೇನೋ ಎಂದು ಮತ್ತೆ ಅಳೆಸುತ್ತಿದ್ದರು.

ಒಂದು ದಿನ ಜೋಗಳೇಕರ ಸಾಹೇಬರೇ ಅಂಗಡಿಗೆ ಬಂದು, ಬೇಡದ ಧೋತರಗಳನ್ನು ಬಿಚ್ಚಿಸಿ ನೋಡಿ, ಮೆಲ್ಲಗೆ ಕೇಳಿದರು: "ಅಣ್ಣಾರಾವ, ಖರೆ ಸಾಂಗಾ, ಖರೆ ಹೇಳ್ರಿ. ಯಾರ ಕಲಿಸಿದ್ರು? ಪುಣೆದಂವನೋ, ಮುಂಬೈದಂವನೋ?"

ಅಣ್ಣಾರಾಯರು ಏನನ್ನೂ ಮುಚ್ಚಿಡಲಿಲ್ಲ. ಹರಳು, ಕೋಲು, ಕಾಲು, ನೋಟ, ಎಲ್ಲ ಹೇಳಿದರು. ಗದ್ದುಗೆಯಿಂದ ಇಳಿದು, ಅಳತೆಕೋಲು ಹಿಡಿದು ನಿಂತು ತೋರಿಸಿದರು.

ಸಾಹೇಬರು ಪೂರ್ತಿ ಕೇಳಿದರು. ಮುಖ ಬಿಗಿಯಾಯಿತು. "ಹೇಳೂದಿಲ್ಲಂದ್ರ ಹೇಳೂದಿಲ್ಲ ಅನ್ರಿ," ಎಂದರು. "ಹಿಂಗ ಹುಡುಗರಿಗೆ ಹೇಳಿದಂಗ ಹೇಳಬ್ಯಾಡ್ರಿ."

ಮುಂದಿನ ತಿಂಗಳು ಪುಣೆಯಿಂದ ಒಬ್ಬ ಗುರು ಬಂದ. ಸಾಹೇಬರು ಉಸಿರು ಎಳೆಯುವುದನ್ನು ಕಲಿತರು. ಅಣ್ಣಾರಾಯರು ರವಿವಾರದ ಬಸ್ಸಿಗೆ ಹೆಂಡತಿಯೊಡನೆ ಚಪಳಗಾಂವಕ್ಕೆ ಹೋಗುತ್ತಿದ್ದರು. ಸೊಂಟಕ್ಕೆ ಸೆರಗು ಸಿಕ್ಕಿಸಿ ಸುಗಲಾಬಾಯಿ ಕೋಲು ಹಿಡಿಯುವಳು. ಅವರು ಹಿಂದಿನಿಂದ "ಕಾಲ ನೋಡ, ಕಾಲ!" ಎಂದು ಕೂಗುವರು. "ನೀವ ಮೊದಲ ಆಕಡೆ ಸರೀರಿ" ಎಂದು ಆಕೆ ಗದರಿಸುವಳು.