ಮೌನದ ಮೇಷ್ಟ್ರು ಮತ್ತು ಚೀಟಿ ಮೇಡಂ

ಈಗ ಎಲ್ಲರ ಕೈಯಲ್ಲೂ ಫೋನಿದೆ. ಆಗ ಹಾಗಿರಲಿಲ್ಲ. ಪಕ್ಕದ ಬೀದಿಯವರ ಹತ್ತಿರ ಮಾತಾಡಬೇಕಾದರೂ ನಮ್ಮನ್ನು ಕೇಳಬೇಕಿತ್ತು. ನಮ್ಮನ್ನು ಎಂದರೆ ನನ್ನನ್ನು ಮತ್ತು ನನ್ನ ಅಕ್ಕನನ್ನು. ಇಬ್ಬರೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರುಗಳು.

ಆ ಕೋಣೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗೋಡೆಯುದ್ದಕ್ಕೂ ಬೋರ್ಡು, ಅದರ ತುಂಬ ಸಣ್ಣ ತೂತುಗಳು, ಒಂದೊಂದಕ್ಕೂ ಒಂದು ಪುಟ್ಟ ದೀಪ. ದೀಪ ಹತ್ತಿದರೆ ಯಾರೋ ಕರೆಯುತ್ತಿದ್ದಾರೆ ಎಂದರ್ಥ. ತಂತಿಯ ತುದಿಯ ಪಿನ್ನು ಚುಚ್ಚಿ, "ನಂಬರ್ ಹೇಳಿ" ಎನ್ನಬೇಕು. ಬಿಸಿಯಾದ ತಂತಿಯ ವಾಸನೆ, ಕಿವಿಯ ಮೇಲೆ ಭಾರದ ಹೆಡ್‌ಫೋನು, ಪಕ್ಕದ ಕುರ್ಚಿಯಲ್ಲಿ ಅಕ್ಕ. ಅವಳ ದನಿ ಎಷ್ಟು ಇಂಪಾಗಿತ್ತೆಂದರೆ, ಸಮಯ ಎಷ್ಟಾಯಿತೆಂದು ಕೇಳುವ ನೆಪದಲ್ಲಿ ಕರೆ ಮಾಡುವವರೂ ಇದ್ದರು. "ನಿಮ್ಮ ಮನೇಲಿ ಗಡಿಯಾರ ಇಲ್ವಾ ಸಾರ್?" ಎಂದು ಇವಳು ನಗುತ್ತಿದ್ದಳು.

ಆ ನಗು ಒಂದು ಮಧ್ಯಾಹ್ನ ನಿಂತುಹೋಯಿತು.

ಆವತ್ತು ಒಬ್ಬ ಹುಡುಗಿ ಆಂಬುಲೆನ್ಸಿಗೆ ಲೈನ್ ಕೇಳಿದಳು. ಅಕ್ಕ ಕೊಟ್ಟಳು. ಆ ಮನೆಯ ಯಜಮಾನರು ಉಳಿಯಲಿಲ್ಲ. ನಮಗೆ ಗೊತ್ತಿದ್ದದ್ದು ಅಷ್ಟೇ. "ನೀನೇನು ಮಾಡೋಕಾಗ್ತಿತ್ತು? ಬಿಟ್ಟಾಕು" ಎಂದೆವು. ಅಕ್ಕ ಬಿಡಲಿಲ್ಲ. ಹೆಡ್‌ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಿದ್ದಳು. ರಜೆ ಹಾಕಿದಳು. ಮನೆಯ ಫೋನನ್ನು ಟವೆಲ್ಲಿನಲ್ಲಿ ಸುತ್ತಿ ಬೀರುವಿನೊಳಗೆ ತಳ್ಳಿದಳು. ಅದು ಒಳಗಿಂದ ಗುರುಗುಟ್ಟಿದರೂ ಸಾಕು, ಹಿತ್ತಲಿಗೆ ಓಡುತ್ತಿದ್ದಳು.

ಅಕ್ಕ, ಭಾವ, ನಾನು ಇದ್ದ ಮನೆಯ ಮಹಡಿಯ ಮೇಲೆ ಆಸ್ಪತ್ರೆಯ ನರ್ಸ್ ಒಬ್ಬರಿದ್ದರು. ಬೀದಿಗೆಲ್ಲ ಅವರು ಸಿಸ್ಟರಮ್ಮ. ಅವರೇ ಒಂದು ದಿನ ಕೆಳಗಿಳಿದು ಬಂದು ಭಾವನಿಗೆ ಹೇಳಿದರು. "ನಮ್ಮ ಆಸ್ಪತ್ರೇಲಿ ಮನಸ್ಸಿನ ತೊಂದರೆಗೆ ಮಾತಾಡಿಸಿ ಚಿಕಿತ್ಸೆ ಕೊಡೋರಿದ್ದಾರೆ. ಒಂದ್ಸಲ ಕರ್ಕೊಂಡು ಬನ್ನಿ."

"ಮಾತಾಡೋಕೆ ಆಸ್ಪತ್ರೆಗೆ ಯಾಕಮ್ಮ ಹೋಗ್ಬೇಕು? ನಾನಿಲ್ವಾ?" ಎಂದ ಭಾವ. ಅವನದು ಕನ್ನಡಕದ ಅಂಗಡಿ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಗಾಜನ್ನು ಮತ್ತೆ ಉಜ್ಜುವ ಮನುಷ್ಯ. ಗೊಣಗುತ್ತಲೇ ಕರೆದುಕೊಂಡು ಹೋದ.

ಅಲ್ಲಿ ಸಿಕ್ಕವರು ವಯಸ್ಸಾದ ಒಬ್ಬ ಚಿಕಿತ್ಸಕರು. ಅವರು ಹೆಚ್ಚು ಮಾತಾಡುತ್ತಿರಲಿಲ್ಲ, ಕೇಳುತ್ತಿದ್ದರು. ಅಮ್ಮನ ವಿಷಯ, ಬಾಲ್ಯದ ವಿಷಯ, ತಪ್ಪಾದಾಗ ಮನೆಯಲ್ಲಿ ಯಾರು ಹೇಗೆ ಬೈಯುತ್ತಿದ್ದರು ಎಂಬ ವಿಷಯ. ಅಕ್ಕ ಅವರಿಗೆ ಮೌನದ ಮೇಷ್ಟ್ರು ಎಂದು ಹೆಸರಿಟ್ಟಳು. ಮತ್ತೆ ತಮಾಷೆ ಮಾಡಿದಳಲ್ಲ, ಅದೇ ನಮಗೆ ಹಬ್ಬವಾಯಿತು. ಐದಾರು ವಾರದಲ್ಲಿ ಹೊಟ್ಟೆ ತುಂಬ ಉಣ್ಣತೊಡಗಿದಳು.

ಅಷ್ಟರಲ್ಲಿ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಬೇಕೆಂದು ಅವರು ರಜೆ ಹಾಕಿದರು. ಅವರ ಜಾಗಕ್ಕೆ ಬಂದವರು ಚುರುಕಾದ ಒಬ್ಬ ಮೇಡಂ. ಪ್ರತಿ ವಾರ ಒಂದು ಚೀಟಿ ಬರೆದು ಕೊಡುವರು. ಮೊದಲ ಚೀಟಿಯಲ್ಲಿ ಹೀಗಿತ್ತು: "ಫೋನನ್ನು ಬೀರುವಿನಿಂದ ಹೊರಗಿಡಿ. ದಿನಾ ಸ್ವಲ್ಪ ಹೊತ್ತು ಅದರ ಪಕ್ಕ ಕೂತುಕೊಳ್ಳಿ."

ಭಾವ ಚೀಟಿ ಓದಿ ಕೆಂಡವಾದ. "ಅವರು ನೋಡಿದ್ರೆ ಅಮ್ಮನ ವಿಷಯ ಹೇಳು ಅಂತಾರೆ. ಇವರು ನೋಡಿದ್ರೆ ಫೋನಿನ ಪಕ್ಕ ಕೂರು ಅಂತಾರೆ. ಒಂದೇ ಕಣ್ಣಿಗೆ ಒಬ್ಬ ಪ್ಲಸ್ ಅಂದು ಇನ್ನೊಬ್ಬ ಮೈನಸ್ ಅಂದ್ರೆ, ಇಬ್ಬರಲ್ಲಿ ಒಬ್ಬನಿಗೆ ಕೆಲಸ ಬರಲ್ಲ ಅಂತ ತಾನೇ ಅರ್ಥ? ಸಾಕು, ನಾಳೆಯಿಂದ ಹೋಗೋದು ಬೇಡ."

ಸಿಸ್ಟರಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಅಕ್ಕ ಮತ್ತೆ ಮೊದಲಿನಂತಾದಳು. ಮೊದಲಿಗಿಂತ ಕಡೆಯಾದಳು ಎಂದರೂ ಸರಿ. ಒಂದು ಬೆಳಿಗ್ಗೆ ಅವಳ ತಲೆ ಬಾಚುತ್ತಿದ್ದೆ. ತುಂಬ ಮೆಲ್ಲಗೆ ಹೇಳಿದಳು, "ನಾನಿಲ್ಲದಿದ್ರೆ ನಿಮಗೆಲ್ಲ ಹಗುರ ಆಗತ್ತೆ ಕಣೇ."

ಬಾಚಣಿಗೆ ಅಲ್ಲೇ ಬಿಟ್ಟೆ. ಅವಳ ಕೈ ಮಾತ್ರ ಬಿಡಲಿಲ್ಲ. ಅಲ್ಲಿಂದಲೇ ಸಿಸ್ಟರಮ್ಮನನ್ನು ಕೂಗಿ ಕರೆದೆ. ಅವರು ಬಂದು ಗಾಬರಿಯಾಗದೆ, ಗದರದೆ, ಅಕ್ಕನ ಎದುರು ಕೂತು ನೇರವಾಗಿ ಕೇಳಿದರು. "ಜೀವ ಬೇಡ ಅನ್ನಿಸ್ತಿದೆಯಾ?" ಅಕ್ಕ ಹೌದೆಂದು ತಲೆಯಾಡಿಸಿ ಅತ್ತಳು. ಅಂಗಡಿಯಿಂದ ಭಾವನನ್ನು ಕರೆಸಿ, ಆ ಗಳಿಗೆಯೇ ಎಲ್ಲರೂ ಆಸ್ಪತ್ರೆಗೆ ಹೋದೆವು.

ಡಾಕ್ಟರು ನೋಡಿದ ಮೇಲೆ ಅಕ್ಕ ಚೀಟಿ ಮೇಡಂ ಜೊತೆ ಒಳಗೆ ಕೂತಳು. ಹೊರಗೆ ಬೆಂಚಿನ ಮೇಲೆ ನಾನು, ಭಾವ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮೌನದ ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ಅವರು ಕೆಲಸಕ್ಕೆ ಮರಳಿ ಎರಡು ದಿನವಾಗಿತ್ತಂತೆ.

ಭಾವ ತಡೆಯಲಾರದೆ ಕೇಳಿದ. "ಸಾರ್, ನಿಮ್ಮಿಬ್ಬರಲ್ಲಿ ಯಾರದ್ದು ಸರಿ?"

"ಅದಕ್ಕೇ ನಾವಿಬ್ರೂ ಹತ್ತು ವರ್ಷ ಜಗಳ ಆಡಿದೀವಿ" ಎಂದರು ಮೇಷ್ಟ್ರು. "ಒಂದೇ ಮೇಜಿನಲ್ಲಿ ಟೀ ಕುಡೀತಿರ್ಲಿಲ್ಲ. ನಾನು ಕಲಿತ ಶಾಲೆ ಬೇರೆ, ಆಕೆ ಕಲಿತ ಶಾಲೆ ಬೇರೆ. ಕೊನೆಗೆ ಸುಸ್ತಾಗಿ, ವಾಸಿಯಾದವರನ್ನೇ ಕೇಳೋಣ ಅಂದ್ಕೊಂಡ್ವಿ. ನಿಮಗೆ ಯಾವುದರಿಂದ ಒಳ್ಳೇದಾಯ್ತು ಅಂತ. ನನ್ನ ಜಾಣ ವಿವರಣೆಗಳನ್ನ ನೆನೆಸ್ಕೋತಾರೆ ಅಂತ ಕಾದೆ. ಒಬ್ಬರೂ ನೆನೆಸ್ಕೊಳ್ಳಲಿಲ್ಲ!"

"ಮೇಡಂ ಚೀಟಿ?"

"ಇಬ್ಬರು ಹೇಳಿದ್ರು. ಆಕೆ ಒಂದು ವಾರ ಬೀಗಿದ್ಲು."

ಭಾವನಿಗೂ ನಗು ಬಂತು. "ಮತ್ತೆ ಏನು ಹೇಳಿದ್ರು?"

"ಆಕೆ ಹತ್ರ ವಾಸಿಯಾದವರೂ ನನ್ನ ಹತ್ರ ವಾಸಿಯಾದವರೂ ಹೆಚ್ಚುಕಮ್ಮಿ ಒಂದೇ ಮಾತು ಹೇಳಿದ್ರು. ನನ್ನ ಮಾತನ್ನ ಅಸಹ್ಯ ಪಡದೆ ಕೇಳಿದ್ರು, ಇವರನ್ನ ನಂಬಬಹುದು ಅನ್ನಿಸ್ತು ಅಂದ್ರು. ನನಗೆ ಯಾಕೆ ಹೀಗಾಗ್ತಿದೆ ಅಂತ ಅರ್ಥ ಆಯ್ತು ಅಂದ್ರು. ಯಾವುದಕ್ಕೆ ಹೆದರಿ ಓಡ್ತಿದ್ನೋ ಅದರ ಹತ್ರ ಮೆಲ್ಲಗೆ ಹೋದೆ ಅಂದ್ರು. ನನ್ನ ಕೋಣೇಲಿ ಮಾತಿನ ಮೂಲಕ ಹತ್ರ ಹೋಗ್ತಾರೆ, ಆಕೆ ಕೋಣೇಲಿ ನಡೆದೇ ಹೋಗ್ತಾರೆ. ಆಮೇಲೆ, ಸರಿಹೋಗತ್ತೆ ಅನ್ನೋ ನಂಬಿಕೆ ಮೊದಲು ಇವರಿಗಿತ್ತು, ಆಮೇಲೆ ನನಗೂ ಬಂತು ಅಂದ್ರು."

"ಹಾಗಾದ್ರೆ ಯಾರಾದ್ರೂ ಆಗತ್ತಲ್ಲ. ಪಕ್ಕದ ಮನೆ ಅಜ್ಜಿ ಸಾಕು!"

"ಸಾಲದು. ಅಜ್ಜಿ ಪ್ರೀತಿ ದೊಡ್ಡದೇ, ಆದ್ರೆ ಕಲಿತ ಕೈ ಬೇಕು. ಎಲ್ಲಾ ದಾರೀನೂ ಎಲ್ಲಾ ತೊಂದರೆಗೂ ಒಂದೇ ಅಲ್ಲ. ಹೀಗೆ ಓಡಿಸೋ ಭಯಕ್ಕೆ ಆಕೆಯ ದಾರಿ ನನ್ನದಕ್ಕಿಂತ ನೇರ. ಇದನ್ನ ಒಪ್ಕೊಳ್ಳೋಕೆ ನನಗೆ ಆ ಹತ್ತು ವರ್ಷವೂ ಬೇಕಾಯ್ತು. ಕೆಲವರಿಗೆ ಮಾತ್ರೇನೂ ಬೇಕಾಗತ್ತೆ. ಅದನ್ನ ಡಾಕ್ಟರು ನೋಡ್ತಾರೆ."

ಭಾವ ಬೆಂಚಿನ ಮೇಲೆ ಅವರ ಹತ್ತಿರಕ್ಕೆ ಸರಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ. "ಅವಳು ನಿಮ್ಮ ಹತ್ರ ಏನು ಹೇಳಿದ್ಲು ಸಾರ್?"

"ಅದನ್ನ ನಾನು ಹೇಳೋ ಹಾಗಿಲ್ಲ. ಅದು ಅವರದ್ದು."

"ಹನ್ನೊಂದು ವರ್ಷ ಸಂಸಾರ ಮಾಡಿದೀನಿ. ನನಗೆ ಹೇಳದ್ದನ್ನ ನಿಮಗೆ ಹೇಳಿದ್ಲಲ್ಲ ಅಂತ ಹೊಟ್ಟೆ ಉರೀತಿತ್ತು. ಪ್ಲಸ್ಸು ಮೈನಸ್ಸು ಎಲ್ಲಾ ನೆಪ. ಅದಕ್ಕೇ ಬಿಡಿಸಿದೆ" ಎಂದ ಭಾವ. ಅವನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಅಕ್ಕ ತಾನೇ ಕೇಳಿಕೊಂಡದ್ದರಿಂದ ಮುಂದಿನ ವಾರ ಮೇಡಂ ಭಾವನನ್ನೂ ನನ್ನನ್ನೂ ಒಳಗೆ ಕೂರಿಸಿಕೊಂಡರು. ಅಕ್ಕ ಸೆರಗಿನ ತುದಿ ತಿರುಚುತ್ತ ಹೇಳಿದಳು. "ಆವತ್ತು ದೀಪ ಹತ್ತಿದಾಗ ನಾನು ನಿಮ್ಮ ಜೊತೆ ಮಾತಾಡ್ತಿದ್ದೆ ರೀ. ಹೊಸ ಫ್ರೇಮು ಬಂದಿದೆ, ನಿನಗೊಂದು ಎತ್ತಿಟ್ಟಿದೀನಿ ಅಂತಿದ್ರಲ್ಲ. ದೀಪ ನೋಡಿದೆ. ನೋಡಿಯೂ ಮಾತು ಮುಗಿಸಿದೆ. ಆಮೇಲೆ ಆ ಹುಡುಗಿ, ಯಾಕಮ್ಮಾ ಇಷ್ಟು ಹೊತ್ತು ಅಂದ್ಲು. ಅವಳ ಅಪ್ಪ ಹೋದ್ರು. ನಿಮಗೆ ಹೇಗೆ ಹೇಳ್ಲಿ?"

ಆವತ್ತು ನಾನೂ ಪಕ್ಕದ ಕುರ್ಚಿಯಲ್ಲೇ ಇದ್ದೆ, ನನಗೇ ಗೊತ್ತಿರಲಿಲ್ಲ. ನಿನ್ನದೇನೂ ತಪ್ಪಿಲ್ಲ ಎಂದು ಅಲ್ಲಿ ಯಾರೂ ಅವಸರದಿಂದ ಹೇಳಲಿಲ್ಲ. ಭಾವ ಅವಳ ಕೈ ಹಿಡಿದುಕೊಂಡ. "ನೀನು ಫೋನ್ ಇಡ್ತೀನಿ ಅಂದೆ. ಇನ್ನೊಂದು ನಿಮಿಷ ಅಂತ ತಡೆದೋನು ನಾನು. ಇದು ನಿನ್ನೊಬ್ಬಳದ್ದಲ್ಲ ಕಣೇ."

ಮೇಡಂ ಮೆಲ್ಲಗೆ ಹೇಳಿದರು, "ಲೈನ್ ಆ ಒಂದು ನಿಮಿಷ ಬೇಗ ಸಿಕ್ಕಿದ್ರೆ ಅವರು ಉಳೀತಿದ್ರಾ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೊತ್ತು ಬದುಕೋದು ಕಷ್ಟ. ಜೊತೆಗೆ ಹೊರೋಣ."

ಆಮೇಲೆ ಚೀಟಿಗಳು ಮತ್ತೆ ಶುರುವಾದವು. ಫೋನಿನ ಪಕ್ಕ ಕೂರುವುದು. ಗೊತ್ತಾದ ಹೊತ್ತಿಗೆ ಭಾವ ಅಂಗಡಿಯಿಂದ ಕರೆ ಮಾಡುವುದು, ಅಕ್ಕ ಓಡದೆ ಗಂಟೆ ಕೇಳುತ್ತ ಕೂರುವುದು. ಲೈನ್ ಕೊಡುತ್ತಿದ್ದವಳು ನಾನು. ಆ ತೂತಿಗೆ ಪಿನ್ನು ಚುಚ್ಚಿ, ದಿನವೂ ನಾನೂ ರಿಂಗು ಎಣಿಸುತ್ತ ಕೂರುತ್ತಿದ್ದೆ. ಮೂರನೇ ವಾರ ಒಂದು ದಿನ ಅತ್ತ ಕಡೆ ರಿಸೀವರ್ ಎತ್ತಿದ ಸದ್ದು. "ಹಲೋ" ಎಂದಳು ಅಕ್ಕ. ಭಾವನಿಗೆ ಏನು ಹೇಳುವುದೆಂದೇ ತೋಚಲಿಲ್ಲ. "ಊಟ ಆಯ್ತಾ?" ಎಂದ. "ರೀ, ಇನ್ನೂ ಹತ್ತು ಗಂಟೆ!" ಎಂದು ಅಕ್ಕ ನಕ್ಕಳು. ನಾನು ಬೋರ್ಡಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ನಾಲ್ಕು ತಿಂಗಳ ನಂತರ ಅಕ್ಕ ಕೆಲಸಕ್ಕೆ ಮರಳಿದಳು, ಮೊದಲು ಅರ್ಧ ದಿನ, ಆಮೇಲೆ ಪೂರ್ತಿ. ಎಕ್ಸ್‌ಚೇಂಜು ತಾನಾಗಿ ಲೈನ್ ಕೊಡುವ ಯಂತ್ರಕ್ಕೆ ಬದಲಾಗುವವರೆಗೂ ಇಬ್ಬರೂ ಅಕ್ಕಪಕ್ಕ ಕೂತೆವು. ಈಗ ಆ ಬೋರ್ಡು ಎಲ್ಲಿದೆಯೋ ಗೊತ್ತಿಲ್ಲ. ಮೇಷ್ಟ್ರೂ ಇಲ್ಲ. ಆ ದಿನಗಳನ್ನು ನೆನೆದರೆ ಸಂಕಟಕ್ಕಿಂತ ಹೆಚ್ಚಾಗಿ ಒಂದು ತಣ್ಣನೆಯ ಸಮಾಧಾನವೇ ಎದೆ ತುಂಬುತ್ತದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಒಳಗೊಳಗೇ ಕುಸಿಯುತ್ತಿರಬಹುದು. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಬ್ಬರು ಹಳೆಯದನ್ನು ಕೇಳುತ್ತಾರೆ, ಇನ್ನೊಬ್ಬರು ನಾಳೆಯ ಕೆಲಸ ಹೇಳುತ್ತಾರೆ ಎಂದು ಗಾಬರಿಯಾಗಬೇಡಿ. ಅವರು ಸರಿಯಾಗಿ ಕಲಿತವರೇ, ಅವರ ಮುಂದೆ ನಿಜ ಹೇಳಲು ಬಾಯಿ ಬರುತ್ತದೆಯೇ, ಎತ್ತ ಹೋಗುತ್ತಿದ್ದೇವೆಂದು ಅವರಿಗೂ ನಿಮಗೂ ತಿಳಿದಿದೆಯೇ ನೋಡಿಕೊಳ್ಳಿ. ಹೊಂದದಿದ್ದರೆ ಅವರಿಗೇ ಹೇಳಿ, ದಾರಿ ಬದಲಿಸುತ್ತಾರೆ, ಇಲ್ಲವೇ ಬೇರೆಯವರ ಹತ್ತಿರ ಕಳಿಸುತ್ತಾರೆ. ಹೇಳದೆ ಕೇಳದೆ ನಡುವೆ ಬಿಡಬೇಡಿ. "ನಾನಿಲ್ಲದಿದ್ದರೆ" ಎಂಬ ಮಾತು ಕಿವಿಗೆ ಬಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ನಾಳೆ ನೋಡೋಣ ಎನ್ನಬೇಡಿ. ಈಗಲೇ ಎದ್ದು ಹೊರಡಿ, ನೀವೂ ಜೊತೆಯಲ್ಲಿ ಹೋಗಿ.