ಗಾಜಿನ ಒರಟುತನ

"ಏನ್ ತಾಯೀ, ಈ ಗಾಜಿನ ಮೇಲೆ ಬಂಡೆ ಏನಾದ್ರೂ ಬೆಳೆದಿದ್ಯಾ?"

ಮೇಷ್ಟ್ರು ಅವಳ ಲ್ಯಾಪ್‌ಟಾಪಿನತ್ತ ಬಾಗಿ ಕೇಳಿದರು. ಪ್ರಯೋಗಶಾಲೆಯ ಉದ್ದಕ್ಕೂ ಚಾಚಿದ್ದ ಗಾಜಿನ ಕಾಲುವೆಯಲ್ಲಿ ನೀರು ತೆಳ್ಳಗೆ ಧಾವಿಸಿ ಬಂದು, ಒಂದೆಡೆ ಧುತ್ತನೆ ನೆಗೆದು, ನೊರೆಯೆದ್ದು, ಆಮೇಲೆ ನಿಧಾನವಾಗುತ್ತಿತ್ತು. ಆ ನೆಗೆತ ಎಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕಿ ಹೇಳುವುದೇ ಅವಳಿಗಿದ್ದ ಪರೀಕ್ಷೆ. ಗೆದ್ದರೆ ಜಲಾಶಯದ ಕೋಡಿಗೆ ಗಣಿತದ ಮಾದರಿ ಕಟ್ಟುವ ತಂಡದಲ್ಲಿ ಜಾಗ. ಸೋತರೆ ಮತ್ತೆ ನೀರು ಸರಬರಾಜು ಕಚೇರಿ, ಒಡೆದ ಪೈಪುಗಳ ದೂರು.

ಅವಳ ಲೆಕ್ಕದ ನೀರು ನೆಗೆಯದೆ ಸಲೀಸಾಗಿ ಹರಿದುಹೋಗುತ್ತಿತ್ತು. ಅದಕ್ಕೇ, ನೀರನ್ನು ತಡೆಯಲೆಂದು, ಲೆಕ್ಕದಲ್ಲಿ ಗಾಜಿನ ತಳದ ಒರಟುತನದ ಅಂಕಿಯನ್ನು ಒಂದಿಷ್ಟು, ಇನ್ನೊಂದಿಷ್ಟು ಏರಿಸುತ್ತ ಹೋಗಿದ್ದಳು. ಪರದೆಯ ಗೆರೆ ಕಾಲುವೆಯ ನೀರಿಗೆ ಸರಿಹೊಂದಿದಾಗ ಕುಣಿಯುವಷ್ಟು ಖುಷಿಯಾಗಿತ್ತು.

"ಆದ್ರೆ ತಾಳೆ ಆಗ್ತಿದೆಯಲ್ಲ ಸರ್?"

"ಕಿವಿ ಹಿಂಡಿದ್ರೆ ಎಂಥ ಅಂಕಿನೂ ಹೂಂ ಅನ್ನತ್ತೆ. ಊಟ ಮಾಡ್ಕೊಂಡು ಬಂದು ನೀರು ಜಾಸ್ತಿ ಬಿಡ್ತೀನಿ. ಆಗ ನೋಡೋಣ."

ಅವರು ಹೋದ ಮೇಲೆ ಅವಳು ಗಾಜಿನ ಮೇಲೆ ಬೆರಳಾಡಿಸಿದಳು. ಬೆಣ್ಣೆಯಂಥ ನುಣುಪು. ಹಾಗಿದ್ದರೆ ನೀರನ್ನು ತಡೆಯುತ್ತಿರುವುದು ಯಾವುದು? ಹರಿವಿನ ಜೊತೆಜೊತೆಗೇ ಕಾಲುವೆಯ ತುದಿಯವರೆಗೆ ನಡೆದಳು. ಅಲ್ಲಿ ಒಂದು ತಗಡಿನ ಹಲಗೆ ಅಡ್ಡ ನಿಂತಿತ್ತು. ನೀರು ಅದನ್ನು ಹತ್ತಿ ಆಚೆ ಬೀಳುತ್ತಿತ್ತು. ದಿನಾ ನೋಡಿದ ಹಲಗೆಯೇ. ಅವಳ ಲೆಕ್ಕದಲ್ಲಿ ಮಾತ್ರ ಆ ತುದಿ ಬಟಾಬಯಲು.

"ಅಯ್ಯೋ, ನನ್ ಬುದ್ಧಿಗಿಷ್ಟು!" ಎಂದವಳೇ ಓಡಿಬಂದಳು. ಗಾಜಿಗೆ ಗಾಜಿನ ನುಣುಪನ್ನೇ ಮರಳಿ ಕೊಟ್ಟು, ತುದಿಯಲ್ಲಿ ಹಲಗೆಯ ಎತ್ತರ ಬರೆದಳು. ಪರದೆಯ ಮೇಲಿನ ನೀರಿನ ಗೆರೆ ಹಲಗೆಯಿಂದ ಹಿಂದಕ್ಕೆ ತುಂಬಿಕೊಳ್ಳುತ್ತ ಬಂದು, ಯಾರ ಒತ್ತಾಯವೂ ಇಲ್ಲದೆ, ತಾನಾಗಿಯೇ ನೆಗೆಯಿತು.

ಮೇಷ್ಟ್ರು ಬಂದು, ಎಷ್ಟು ನೀರು ಬಿಡುವೆನೆಂದು ತಿಳಿಸಿದರು. ಅವಳು ಲೆಕ್ಕ ಮಾಡಿ ಗಾಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದಳು.

"ಇಲ್ಲಿ, ಸರ್."

"ಆಕಡೆ ಈಕಡೆ ಹೆಚ್ಚುಕಮ್ಮಿ ಏನೂ ಆಗಲ್ವಾ?"

"ಬೆರಳಗಲ." ತಡೆದು, "ಬೇಡ, ಒಂದು ಗೇಣು."

"ಪರವಾಗಿಲ್ಲ, ಹೆದರೋದನ್ನೂ ಕಲ್ತಿದೀಯ," ಎಂದು ನಗುತ್ತ ಅವರು ವಾಲ್ವ್ ತಿರುಗಿಸಿದರು.

ನೊರೆಯ ಗೋಡೆ ಹರಿವಿನ ದಿಕ್ಕಿಗೆ ಸರಿಯಿತು. ಗೆರೆ ಮುಟ್ಟಿತು. ದಾಟಿತು. ಅದು ತುಸು ತೂಗಾಡಿ, ಹಿಂದೆ ಬಂದು, ಗೆರೆಯ ಪಕ್ಕದಲ್ಲೇ ಕುದಿಯುತ್ತ ನಿಂತಿತು.

ಮೇಷ್ಟ್ರು ಗೆರೆಯ ಮೇಲೆ ಹೆಬ್ಬೆರಳಿಟ್ಟು ಗೇಣು ಚಾಚಿದರು. ಕಿರುಬೆರಳು ನೊರೆಯನ್ನು ದಾಟಿ ಎಷ್ಟೋ ಮುಂದೆ ಹೋಯಿತು. ಅವರು ತಲೆಯೆತ್ತುವಷ್ಟರಲ್ಲಿ ಅವಳು, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡು, ಇನ್ನೊಂದು ಲೆಕ್ಕ ಪರೀಕ್ಷಿಸಲು ತುದಿಯ ಹಲಗೆಯನ್ನು ಇನ್ನಷ್ಟು ಎತ್ತರಿಸತೊಡಗಿದ್ದಳು.